ಪೂರಾ ಹಿಂಡಬ್ಯಾಡ

ಗಬ್ಬದ ಏಳನೇ ತಿಂಗಳಿಗೇ ಗ್ವಾಡಿ ನೆಕ್ಕಾಕ ಹತ್ತಿತ್ತು ನಕಾಶಿ.
ಮೈಮ್ಯಾಲಿನ ಕರಿ ಮಚ್ಚಿ ಸಾಲಿಯೊಳಗ ತೂಗ ಹಾಕಿದ
ಜಿಲ್ಲಾ ನಕಾಶಿ ಇದ್ದಾಂಗ, ಅದಕ್ಕ ಆ ಹೆಸರು.
ಯುಗಾದಿಗೆ ಬಳದ ಸುಣ್ಣ
ಅದರ ನಾಲಿಗಿ ಮುಟ್ಟೂವಷ್ಟು ಎತ್ತರಕ್ಕ ಹೋಗಿ
ಒಳಗಿನ ಮಣ್ಣು ಕಾಣತಿತ್ತು.
ಮಗಳ ಲಂಗದ ಅಂಚು ಅಗದು ಹಾಕಿತ್ತು ಒಂದಿನ.
ತುಡುಗು ದನ, ಅಂತ ಬಾರಿಗಿ ತಗೊಂಡು ಹೊಡದೆ.
ಏನೋ ಹುಡುಕತೈತಿ ಅಂತ
ಅನಿಸಲೇ ಇಲ್ಲ ನನಗ.

ಕಾರಟಗಿ ಕಡೆ ಈಗ ಎಲ್ಲಾ ನೆಲ್ಲು.
ಕಾಲುವಿ ಬಂದಾಗಿಂದ ಜೋಳದ ಕಣಕಿ ಅಪರೂಪ;
ನೆಲ್ಲುಹುಲ್ಲು ಬಣವಿ ಬಣವಿ, ರೈಸ್ ಮಿಲ್ಲಿನ ತೌಡು ಚೀಲ ಚೀಲ.
ಹೊಟ್ಟಿ ತುಂಬ ತಿನಸೀನಿ, ಸುಳ್ಳಲ್ಲ.
ಹಿಂದಿನ ಸೂಲಿಗೆ ಹೊತ್ತಿಗೆ ಒಂಬತ್ತು ಲೀಟರ್ ಕೊಟ್ಟ ಆಕಳ ಅದು,
ಬ್ಯಾರೇದವರ ಮಾತು ಕೇಳೂವಷ್ಟು ಪುರಸತ್ತು ಎಲ್ಲಿತ್ತು ನನಗ?

ಮೂರನೇ ಸೂಲು. ಹೆಣ್ಣು ಕರ.
ಗಿಣ್ಣದ ಹಾಲು ತಂಬಿಗಿ ಮ್ಯಾಲ ತಂಬಿಗಿ.
ಕೆಚ್ಚಲು ಬಿಟ್ಟರ ಬಾವು ಬರತೈತಿ ಅಂತಿದ್ಲು ಅತ್ತಿ,
ಕಡೀ ಹನಿತನಕ ಹಿಂಡಿದೆ.
ಏಲಕ್ಕಿ ಹಾಕಿ ಓಣಿಗೆಲ್ಲಾ ಹಂಚಿದೆ.

ಮರುದಿನ ರಾತ್ರಿ ಏಳಲಿಲ್ಲ.
ಕುತ್ತಿಗಿ ಹೊಳ್ಳಿಸಿ ಪಕ್ಕಡಿಗೆ ಮಾರಿ ಒತ್ತಿ
ತನ್ನ ಹೊಟ್ಟಿಗೆ ತಾನೇ ಏನೋ ಹೇಳಾಕತ್ತಂಗ ಕುಂತಿತ್ತು.
ಕಿವಿ ಮುಟ್ಟಿದ್ರ ಮಣ್ಣಿನ ಕೊಡದಷ್ಟು ತಣ್ಣಗ.
ಬಾಜೂ ಮನಿ ಈರಮ್ಮ ದಿಟ್ಟಿ ಅಂದು ಮೆಣಸಿನಕಾಯಿ ಸುಟ್ಲು;
ನಾವು ಕೆಮ್ಮಿದ್ವಿ,
ಆಕಳ ಕೆಮ್ಮಲಿಲ್ಲ.

ಮೌಲಾಹುಸೇನ್ ಡಾಕ್ಟ್ರು ಬಂದಾಗ ಎರಡು ಗಂಟಿ.
ಬಾಟಲಿ ತಗದು ಮದಲು ತಮ್ಮ ಅಂಗಿಯೊಳಗ ಇಟಗೊಂಡ್ರು,
ಕೂಸಿನ ಹಾಂಗ.
"ಬೆಚ್ಚಗಾಗಲಿ, ತಣ್ಣಂದು ಹೋದ್ರ ಎದಿ ಬಡಿತ ತಪ್ಪತೈತಿ."
ಕುತ್ತಿಗಿ ನರಕ್ಕ ಸೂಜಿ. ಬಾಟಲಿ ನನ್ನ ಕೈಯಾಗ,
ಅವರ ಕೈ ಅದರ ಎದಿಮ್ಯಾಲ.
ಅವಸರ ಮಾಡಿದ್ರ ಇದೇ ಔಷಧ ಕೊಲ್ಲತೈತಂತ.

"ರಗತದಾಗ ಇರೂ ಸುಣ್ಣ ಒಂದು ಚಮಚಾ ಆಗಂಗಿಲ್ಲವ್ವ,
ಒಂದು ಹೊತ್ತಿನ ಗಿಣ್ಣಕ್ಕ ನಾಕೈದು ಚಮಚಾ ಹೋತು.
ಎಲುಬಿನ್ಯಾಗ ಕಣಜ ಐತಿ ಖರೆ,
ಬಾಗಿಲಾ ತಗಿಯಾಕ ಎರಡು ದಿನ ಬೇಕು ಅದಕ್ಕ.
ನೀ ಅಷ್ಟೊತ್ತಿಗೆ ಖಾಲಿ ಮಾಡೀದಿ."
ನೆಲ್ಲುಹುಲ್ಲು ಇದ್ದ ಸುಣ್ಣನೂ ಕಟ್ಟಿ ಹಾಕತೈತಂತ,
ತೌಡಿನ್ಯಾಗ ಬರೇ ರಂಜಕ.
"ಖನಿಜದ ಪುಡಿ ಹಾಕತಿದ್ದೇನು?"

ಡೈರಿಯವರು ಕೊಟ್ಟ ಚೀಲ ಗೂಟಕ್ಕ ಜೋತಾಡತಿತ್ತು,
ಬಾಯಿ ಹೊಲದದ್ದು ಹೊಲದಾಂಗ.
ಅದರ ಹಿಂದ ಇನ್ನೊಂದು ಚೀಲ, ಸಣ್ಣದು:
ಸಣ್ಣ ಮಗ ಹೊಟ್ಟ್ಯಾಗ ಇದ್ದಾಗ ಆಶಾ ಅಕ್ಕ ಕೊಟ್ಟ ಬಿಳಿ ಗುಳಗಿ.
ಒಂದೂ ಒಡದಿಲ್ಲ.
ಆ ವರ್ಷ ನಂದೊಂದು ದವಡಿ ಹಲ್ಲು ಉದುರಿತ್ತು,
ಕೂಸಿಗೊಂದು ಹಲ್ಲು, ಲೆಕ್ಕ ಸರಿ ಆತು, ಅಂದಿದ್ಲು ಅತ್ತಿ,
ಎಲಿಗೆ ಸುಣ್ಣ ಹಚ್ಚಿಕೋಂತ.

ಬಾಟಲಿ ಮುಕ್ಕಾಲು ಇಳದಾಗ ಭುಜದ ತೊಗಲು ನಡುಗಿತು.
ಡೇಗು ಬಂತು. ಆಮ್ಯಾಲ ಸೆಗಣಿ.
"ಬಂಗಾರ ಬಿತ್ತು," ಅಂತ ನಕ್ರು ಡಾಕ್ಟ್ರು.
ಹಿಂಗಾಲು ಎದ್ದವು, ತಡದು ಮುಂಗಾಲು.
ನಕಾಶಿ ನಿಂತು ಕರದ ಕಡೆ ನೋಡಿ ಹೂಂಕರಿಸಿತು.

ಬೈಕ್ ಒದಿಯೂ ಮುಂದ ಒಂದು ಮಾತು ಅಂದ್ರು:
"ಮೂರು ದಿನ ಪೂರಾ ಹಿಂಡಬ್ಯಾಡ."

ಹೊತ್ತು ಮೂಡಿದಾಗ ಓಣಿ ಮಂದಿ ಬಟ್ಟಲಾ ಹಿಡದು ಬಂದ್ರು.
ಗಿಣ್ಣ ಮುಗೀತೇನು?
ಇಲ್ಲ, ಕೆಚ್ಚಲದಾಗ ಐತಿ, ಅಂದೆ.
ಅರ್ಥ ಆಗದ ಈರಮ್ಮ ಕೆಚ್ಚಲು ನೋಡಿದ್ಲು, ನನ್ನ ಮಾರಿ ನೋಡಿದ್ಲು.

ಚೀಲ ಹರದು, ಬೆಲ್ಲದ ನೀರಾಗ ಕಲಸಿ
ಒಂದು ಹಿಡಿ ಪುಡಿ ದಾಣಿಗೆ ಹಾಕಿದೆ.
ಮೂಸಿ ಫೂ ಅಂತ ಊದಿತು, ಆಮ್ಯಾಲ ನೆಕ್ಕಿತು, ಬುಟ್ಟಿಯ ತಳ ಸೈತ.
ಅಂಗೈಗೆ ಹತ್ತಿದ್ದು ನಾನೂ ಒಂಚೂರು ನೆಕ್ಕಿ ನೋಡಿದೆ.
ಮದಲು ಉಪ್ಪು.
ಆಮ್ಯಾಲ ಗ್ವಾಡಿಯ ರುಚಿ.